ಖಾಲಿ ತಟ್ಟೆಯ ಸೊನ್ನೆ

ಆ ಮನೆಯಲ್ಲಿ ಸದ್ದು ಇದ್ದರೆ ಎಲ್ಲ ಸರಿಯಿದೆ ಎಂದು ಅರ್ಥ. ಅತ್ತೆ ಸೊಸೆ ಇರುವ ಮನೆ ಎಂದಮೇಲೆ ಯಾವ ಸದ್ದೋ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸದ್ದು ಮಾಡುತ್ತಿದ್ದದ್ದು ಮಂಚದ ಪಕ್ಕದ ಆಕ್ಸಿಜನ್ ಮೆಷಿನ್. ಗುರ್ರೆಂದು ತಿರುಗಿ ಉಸ್ಸೆಂದು ಬಿಡುತ್ತ ಅದು ಹಗಲೂ ರಾತ್ರಿ ನಡೆಯುತ್ತಿತ್ತು. ಅದರಿಂದ ಹೊರಟ ಸಣ್ಣ ಪೈಪು ಅತ್ತೆಯ ಮೂಗಿಗೆ ಹೋಗುತ್ತಿತ್ತು. ಮೊದಮೊದಲು ಆ ಸದ್ದಿಗೆ ನಿದ್ದೆ ಬಾರದೆ ಹೊರಳಾಡಿದ್ದ ಸೊಸೆಗೆ ಈಗ ಸದ್ದು ಒಂದು ಚೂರು ತಗ್ಗಿದರೂ ಥಟ್ಟನೆ ಎಚ್ಚರವಾಗುತ್ತಿತ್ತು.

ಅವತ್ತು ವಾರದ ರಜೆ. ಸೊಸೆ ಹಿತ್ತಲಲ್ಲಿ ಹೊದಿಕೆ ಹಿಂಡುತ್ತಿದ್ದಳು. ಒಳಗಿನಿಂದ ಇನ್ವರ್ಟರ್ ಉದ್ದಕ್ಕೆ ಕೀರಲು ದನಿಯಲ್ಲಿ ಕೂಗಿತು. ಆಮೇಲೆ ಏನೂ ಇಲ್ಲ. ಗುರ್ ಇಲ್ಲ, ಉಸ್ ಇಲ್ಲ. ಹೊದಿಕೆಯನ್ನು ಅಲ್ಲೇ ಮಣ್ಣಿಗೆ ಬಿಟ್ಟು ಒಳಗೆ ಓಡಿದಳು.

ಅತ್ತೆ ಮಂಚದಲ್ಲಿ ಎದ್ದು ಕೂತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಬಾಯಿ ಬಿಟ್ಟು ಉಸಿರಿಗಾಗಿ ಹುಡುಕಾಡುತ್ತಿದ್ದರು. ಸೊಸೆ ಮೂಲೆಯಲ್ಲಿದ್ದ ಸಿಲಿಂಡರನ್ನು ಎಳೆದು ತಂದಳು. ಕೀಲಿ ತಿರುಗಿಸಲು ಹೋದರೆ ಒದ್ದೆ ಕೈ ಜಾರಿತು. ನೈಟಿಗೆ ಕೈ ಒರೆಸಿಕೊಂಡು ಮತ್ತೆ ತಿರುಗಿಸಿದಳು, ಪೈಪು ಬದಲಾಯಿಸಿದಳು, ಅತ್ತೆಯ ಬೆನ್ನು ನೀವುತ್ತ ನಿಂತಳು. ತುಟಿಯ ನೀಲಿ ನಿಧಾನಕ್ಕೆ ಇಳಿಯಿತು.

ಆಗ ಗೋಡೆಯ ಮೇಲಿನ ಮೀಟರ್ ಪೆಟ್ಟಿಗೆಯತ್ತ ನೋಡಿದಳು. ಬ್ಯಾಟರಿ ಎಷ್ಟು ತುಂಬಿದೆ ಎಂದು ಅದು ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು: ನೂರಕ್ಕೆ ಎಂಬತ್ತಾರು. ಎಂಬತ್ತಾರು ಇದ್ದರೆ ಇನ್ವರ್ಟರ್ ಯಾಕೆ ಸತ್ತಿತು? ಅವಳೇ ಜೋಡಿಸಿದ, ಅವಳೇ ಕೋಡ್ ಬರೆದ ಪೆಟ್ಟಿಗೆ ಅದು. ಅದು ಅವಳ ಮುಖಕ್ಕೇ ಸುಳ್ಳು ಹೇಳುತ್ತಿತ್ತು.

ಜಲ್ಲಿ ಕ್ವಾರಿಯ ಆಚೆಗಿನ ಆ ಸಾಲು ಮನೆಗಳಿಗೆ ಕರೆಂಟ್ ಕಂಬ ಬರುತ್ತದೆ, ಬರುತ್ತದೆ ಎನ್ನುತ್ತಲೇ ಎರಡು ಚುನಾವಣೆ ಕಳೆದಿತ್ತು. ಕಂಬಕ್ಕೆ ಮೊದಲು ಕ್ವಾರಿಯ ಧೂಳು ಬಂತು. ಬೆಳಿಗ್ಗೆ ಗುಡಿಸಿದ ನೆಲದಲ್ಲಿ ಮಧ್ಯಾಹ್ನ ಹೆಜ್ಜೆ ಮೂಡುವಷ್ಟು ಧೂಳು. ಹಾಗಾಗಿ ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್, ಒಳಗಿನ ಬ್ಯಾಟರಿ, ಇಷ್ಟೇ ಆ ಮನೆಯ ಕರೆಂಟು. ಅದನ್ನು ಬಿಟ್ಟರೆ ಮೂಲೆಯ ಸಿಲಿಂಡರ್. ಅದರ ಮುಳ್ಳು ಈಗ ಕೆಂಪು ಗೆರೆಯ ಹತ್ತಿರ ಬಂದು ನಿಂತಿತ್ತು.

ಸೊಸೆ ಸೋಲಾರ್ ವರ್ಕ್‌ಶಾಪಿಗೆ ಸೇರಿದ್ದು ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕೆ. ಅಲ್ಲಿ ಈಗಲೂ ಅವಳಿಗೆ ಕಾಯಿಲಕ್ಕ ಎಂದೇ ಹೆಸರು. ಕೋಡ್ ಬರೆಯುತ್ತಿದ್ದವನು ಒಂದು ದಿನ ಮದುವೆಗೆಂದು ರಜೆ ಹಾಕಿ ಹೋದವನು ಹೆಂಡತಿಯ ಊರಿನಲ್ಲೇ ಉಳಿದುಬಿಟ್ಟ. ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತಾಗ, "ನಾನು ಒಂದ್ಸಲ ನೋಡ್ಲಾ ಸಾರ್?" ಎಂದು ಕೇಳಿದವಳು ಇವಳು. ನೋಡಿದಳು, ಕೆಡಿಸಿದಳು, ಬೈಸಿಕೊಂಡಳು, ಮತ್ತೆ ನೋಡಿದಳು. ತಂತಿ ಸುತ್ತುವವಳಿಗೆ ಸಹನೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಅಲ್ಲಿಂದ ಹೊರಡುವ ಮೀಟರ್ ಪೆಟ್ಟಿಗೆಗಳಿಗೆಲ್ಲ ಅವಳದೇ ಕೋಡು.

ಆ ಪೆಟ್ಟಿಗೆಯ ಕೆಲಸ ದೊಡ್ಡದೇನಲ್ಲ. ಬ್ಯಾಟರಿಯ ದಪ್ಪ ವೈರು ಒಂದು ಸೆನ್ಸರಿನ ನಡುವೆ ಹಾದುಹೋಗುತ್ತದೆ. ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಸೆನ್ಸರ್ ಹೇಳುತ್ತದೆ. ಕೂಡಿ ಕಳೆದು, ಇನ್ನೆಷ್ಟು ಉಳಿದಿದೆ ಎಂದು ಕೋಡ್ ಹೇಳುತ್ತದೆ. ಈ ಜಾತಿಯ ಬ್ಯಾಟರಿಗೆ ತುಂಬಿದಾಗಲೂ ವೋಲ್ಟ್ ಅಷ್ಟೇ, ತಳ ಕಾಣುವಾಗಲೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಈ ಲೆಕ್ಕವೊಂದೇ ಗತಿ.

ಮೋಡ ಸರಿದು ಬಿಸಿಲು ಬಂತು. ಪ್ಯಾನೆಲ್ಲಿನಿಂದ ಬ್ಯಾಟರಿಗೆ ಒಂದಿಷ್ಟು ಜೀವ ಬಂದು ಇನ್ವರ್ಟರ್ ತಾನಾಗಿ ಎದ್ದಿತು, ಮೆಷಿನ್ ಗುರ್ರೆಂದಿತು. ಸೊಸೆ ಸಿಲಿಂಡರ್ ಮುಚ್ಚಿ, ಸ್ಪೀಕರ್ ಹಾಕಿ ಗಂಡನಿಗೆ ಫೋನ್ ಮಾಡಿದಳು. ಅವನು ಬಂದರಿನಲ್ಲಿ ಕ್ರೇನ್ ಓಡಿಸುವವನು, ಬರಬೇಕೆಂದರೂ ನಾಳೆಯೇ.

"ರೀ, ಬ್ಯಾಟರಿ ಪೂರ್ತಿ ಖಾಲಿಯಾಗಿತ್ತು. ಮೀಟರ್ ತಪ್ಪು ತೋರಿಸ್ತಿದೆ. ರಾತ್ರಿಗೆ ಸಾಲುತ್ತೋ ಇಲ್ವೋ ಗೊತ್ತಾಗ್ತಿಲ್ಲ."

"ಗೊತ್ತಾಗದೆ ಇದ್ರೆ ಮನೇಲಿ ಯಾಕೆ ಇಟ್ಕೊಂಡಿದ್ದೀಯ? ಸಂಜೆ ಪೇಟೆಗೆ ವ್ಯಾನ್ ಹೋಗುತ್ತಲ್ಲ, ಅದರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು."

ಮಂಚದಿಂದ ಅತ್ತೆ ಕೈ ಆಡಿಸಿದರು. "ನಾನು ಬರಲ್ಲ. ಹೋದ ಸಲ ಹೋಗಿ ಸಾಕಾಗಿದೆ. ಆ ಕ್ವಾರಿ ರೋಡಲ್ಲಿ ಕುಲುಕಿ ಕುಲುಕಿ ಅರ್ಧ ಜೀವ ಹೋಯ್ತು, ಕಾರಿಡಾರಲ್ಲಿ ಮಲಗಿಸಿ ಇನ್ನರ್ಧ ತೆಗೆದ್ರು. ಈ ಸಲ ಹೋದ್ರೆ ವಾಪಸ್ ಬರೋದು ನಾನಲ್ಲ, ನನ್ನ ಹೆಣ."

ಅದು ಹಟದ ಮಾತು ಮಾತ್ರವೇ ಆಗಿದ್ದರೆ ಸೊಸೆ ಲೆಕ್ಕಕ್ಕಿಡುತ್ತಿರಲಿಲ್ಲ. ಹೋದ ಸಲ ವ್ಯಾನಿನಲ್ಲಿ ಅತ್ತೆಯ ತಲೆ ತನ್ನ ತೊಡೆಯ ಮೇಲಿದ್ದದ್ದು, ಪ್ರತಿ ಹೊಂಡಕ್ಕೂ ಆ ಉಸಿರು ಕಟ್ಟಿ ಕಟ್ಟಿ ಬಂದದ್ದು ಅವಳಿಗೆ ಮರೆತಿರಲಿಲ್ಲ. ಒಯ್ದರೆ ದಾರಿಯ ಭಯ, ಉಳಿಸಿಕೊಂಡರೆ ಮಧ್ಯರಾತ್ರಿ ಇನ್ವರ್ಟರ್ ಕೂಗುವ ಭಯ.

"ವ್ಯಾನ್ ಬರೋದ್ರೊಳಗೆ ಮೀಟರ್ ಸರಿ ಮಾಡ್ತೀನಿ ಅತ್ತೆ," ಎಂದಳು. "ರಾತ್ರಿಗೆ ಸಾಲುವಷ್ಟು ಇದೆ ಅಂತ ಅದು ತೋರಿಸಿದ್ರೆ ಇಲ್ಲೇ ಇರೋಣ. ಇಲ್ಲಾಂದ್ರೆ ಒಂದು ಮಾತೂ ಆಡದೆ ವ್ಯಾನ್ ಹತ್ತಬೇಕು."

"ಆಗಲಿ, ಮಾತು ಕೊಟ್ಟೆ," ಎಂದರು ಅತ್ತೆ. ಮಾತು ಕೊಟ್ಟಮೇಲೆ ಅವರು ತಪ್ಪುವವರಲ್ಲ ಎಂಬುದರಿಂದಲೇ ಸೊಸೆಗೆ ಇನ್ನಷ್ಟು ದಿಗಿಲಾಯಿತು. ಈಗ ಎಲ್ಲವೂ ಆ ಪೆಟ್ಟಿಗೆಯ ಮೇಲೆ ಬಂದು ನಿಂತಿತು.

ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೇಬಲ್ ಚುಚ್ಚಿ, ನೆಲದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. ಪೆಟ್ಟಿಗೆ ಹೇಳುತ್ತಿದ್ದ ಆಂಪ್ಸ್ ನೋಡಿ ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೆಷಿನ್ನಿಗೆ ಅಷ್ಟು ಹೋಗುತ್ತಿದ್ದರೂ ಬ್ಯಾಟರಿಗೆ ಬರುತ್ತಿರುವುದು ಪ್ಯಾನೆಲ್ ಎಷ್ಟು ತಿಣುಕಿದರೂ ಕೊಡಲಾಗದಷ್ಟು ಎಂದು ಅದು ತೋರಿಸುತ್ತಿತ್ತು. ವೈರು ಸಡಿಲವೋ ಎಂದು ಎಳೆದು ನೋಡಿದಳು. ಸ್ಕ್ರೂ ಬಿಗಿದಳು. ಸೆನ್ಸರ್ ಬಿಸಿಯಾಗಿದೆಯೇ ಎಂದು ಬೆರಳಿಟ್ಟಳು. ಕೋಡಿನಲ್ಲಿ ಅಳೆಯುವ ಸಾಲು, ಗುಣಿಸುವ ಸಾಲು, ಕೂಡುವ ಸಾಲು ಎಲ್ಲವನ್ನೂ ತುಟಿ ಅಲ್ಲಾಡಿಸುತ್ತ ಓದಿದಳು. ಎಲ್ಲ ಸರಿಯಿತ್ತು. ಬಾಗಿಲಿನ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಅದು ಎದುರು ಗೋಡೆಗೆ ಮುಟ್ಟುವ ಹೊತ್ತಿಗೆ ವ್ಯಾನ್ ಬರುತ್ತದೆ.

"ಅತ್ತೆ, ಈ ಪೆಟ್ಟಿಗೇನ ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ತಾರೆ? ನೀನು ಕೆಲಸಕ್ಕೆ ಹೋದ್ರೆ ಇಲ್ಲಿ ನಾನು, ಈ ಗುರ್ರಣ್ಣ, ಇಬ್ಬರೇ," ಎಂದು ಅತ್ತೆ ಮೆಷಿನ್ನಿನ ಕಡೆ ಕೈ ತೋರಿಸಿ, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು.

ಮತ್ತೆ ಮೊದಲಿನಿಂದ ಓದಿದಳು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಕತೆ ನಮಗೆಲ್ಲ ಗೊತ್ತು. ಆದರೆ ಹುಡುಕುತ್ತಿರುವಾಗ ಅದು ನಮ್ಮದೇ ಕತೆ ಎಂದು ಯಾರಿಗೂ ಹೊಳೆಯುವುದಿಲ್ಲ. ಕೋಡಿನ ತುದಿಯಲ್ಲಿ ನಾಲ್ಕು ಸಾಲುಗಳಿದ್ದವು. ಪ್ರತಿ ಸಲವೂ ಅವಳ ಕಣ್ಣು ಅವುಗಳನ್ನು ದಾಟಿ ಕೆಳಗಿಳಿಯುತ್ತಿತ್ತು. ಅವು ವರ್ಕ್‌ಶಾಪಿನ ಬೇರೆ ಯಾವ ಪೆಟ್ಟಿಗೆಯಲ್ಲೂ ಇಲ್ಲದ ಸಾಲುಗಳು, ಈ ಮನೆಗೆಂದೇ, ಅತ್ತೆಯ ಬಾಯಿಗೆ ಹೆದರಿ ಬರೆದವು.

ಪೆಟ್ಟಿಗೆ ಹೊಸದರಲ್ಲಿ, ಇನ್ನೂ ಅತ್ತೆಗೆ ಕಾಯಿಲೆ ಬರುವ ಮೊದಲು, ಮನೆಯಲ್ಲಿ ಏನೂ ಉರಿಯದಿದ್ದಾಗಲೂ ಅದು ಎರಡು ಆಂಪ್ಸ್ ಹೋಗುತ್ತಿದೆ ಎಂದು ತೋರಿಸುತ್ತಿತ್ತು. ಅಗ್ಗದ ಸೆನ್ಸರಿನ ಸ್ವಭಾವವೇ ಅದು. ಬೇಸಿಗೆಯಲ್ಲಿ ಒಂದು, ಚಳಿಯಲ್ಲಿ ಒಂದು. ಅತ್ತೆ ಮೂವತ್ತು ವರ್ಷ ಮಾರ್ಕೆಟಿನಲ್ಲಿ ತರಕಾರಿ ತೂಗಿದವರು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತಕ್ಕಡಿಯ ಖಾಲಿ ತಟ್ಟೆಗಳು ಸಮ ನಿಂತಿವೆಯೇ ಎಂದು ನೋಡದೆ ಒಂದು ಈರುಳ್ಳಿಯನ್ನೂ ಮುಟ್ಟುತ್ತಿರಲಿಲ್ಲ. ಅಂಥವರ ಕಣ್ಣಿಗೆ ಈ ಎರಡು ಬಿತ್ತು. "ಏನೂ ಉರೀತಿಲ್ಲ, ಆದ್ರೂ ಹೋಗ್ತಿದೆ ಅನ್ನುತ್ತೆ. ಎಲ್ಲಿಗೆ ಹೋಗ್ತಿದೆ? ಯಾರ ಮನೆಗೆ?" ಎಂದು ಏಳುತ್ತ ಕೂರುತ್ತ ಶುರುವಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆಗ ನಡೆಯುತ್ತಿದ್ದದ್ದು ಅತ್ತೆಯ ಕಾಲ. ಕಿವಿ ತೂತಾಗುವ ಮೊದಲು ಸೊಸೆ ನಾಲ್ಕು ಸಾಲು ಸೇರಿಸಿದಳು: ಸ್ವಿಚ್ ಹಾಕಿದ ಕೂಡಲೇ ಸೆನ್ಸರ್ ಏನು ಹೇಳುತ್ತದೋ ಅದನ್ನೇ ಸೊನ್ನೆ ಎಂದು ತಿಳಿ. ಎಲ್ಲ ಆರಿಸಿ, ಪೆಟ್ಟಿಗೆಯ ಸ್ವಿಚ್ ಒಮ್ಮೆ ಹಾಕಿದಳು. ಎರಡು ಹೋಗಿ ಸೊನ್ನೆ ಬಂತು. ಅತ್ತೆಗೂ ತೃಪ್ತಿ, ಮನೆಗೂ ಶಾಂತಿ.

ಮೂರನೇ ಸಲ ಓದಿ ಸೋತು ಲ್ಯಾಪ್‌ಟಾಪಿನ ಅಂಚಿಗೆ ಕೈಯಿಟ್ಟಳು. ಬೆರಳಿಗೆ ಧೂಳು ಮೆತ್ತಿತು. ಈಗಷ್ಟೇ ಚೀಲದಿಂದ ತೆಗೆದದ್ದರ ಮೇಲೂ ಇಷ್ಟು ಧೂಳೇ ಎಂದು ಸುತ್ತ ನೋಡಿದಳು. ಇನ್ವರ್ಟರ್ ಮೇಲೆ ಧೂಳು, ಕಪಾಟಿನ ಮೇಲೆ ಧೂಳು, ಗಡಿಯಾರದ ಗಾಜಿನ ಮೇಲೂ ಧೂಳು. ನಡುವೆ ಮೀಟರ್ ಪೆಟ್ಟಿಗೆ ಮಾತ್ರ ಫಳಫಳ ಹೊಳೆಯುತ್ತಿತ್ತು.

"ಅತ್ತೆ, ಈ ಪೆಟ್ಟಿಗೇನ ನೀವು ಒರೆಸ್ತೀರಾ?"

ಉತ್ತರ ಗೋಡೆಯ ಕಡೆಯಿಂದಲೇ ಬಂತು. "ಎದ್ದು ಓಡಾಡಬೇಡಿ ಅಂದಿದ್ದೀಯಲ್ಲ. ಬೈತೀಯ ಅಂತ ಹೇಳಲಿಲ್ಲ. ಗುಡಿಸೋ ಹಾಗಿಲ್ಲ, ಪಾತ್ರೆ ತೊಳೆಯೋ ಹಾಗಿಲ್ಲ. ಪೈಪು ಅಲ್ಲೀತನಕ ಬರುತ್ತೆ. ಅದೊಂದನ್ನ ಬೆಳಗಿನ ಹೊತ್ತು, ನೀನು ಹಿತ್ತಲಲ್ಲಿದ್ದಾಗ ಒರೆಸ್ತೀನಿ."

"ಸ್ವಿಚ್ ಆರಿಸಿ ಒರೆಸ್ತೀರಾ?"

"ಮತ್ತೆ? ಒದ್ದೆ ಬಟ್ಟೆ ಹಾಕೋ ಮುಂಚೆ ಸ್ವಿಚ್ ಆರಿಸಿ ಅಂತ ನೀನೇ ತಾನೇ ಹೇಳಿಕೊಟ್ಟಿದ್ದು? ಆರಿಸ್ತೀನಿ, ಒರೆಸ್ತೀನಿ, ಹಾಕ್ತೀನಿ." ಅತ್ತೆ ಇತ್ತ ಹೊರಳಿದರು. "ಹಾಕಿದ ಕೂಡಲೇ ಸೊನ್ನೆ ಅಂತ ಬರುತ್ತೆ. ಗುರ್ರಣ್ಣ ಇಷ್ಟು ದುಡಿದ್ರೂ ಏನೂ ಖರ್ಚಾಗ್ತಿಲ್ಲವಲ್ಲ ಅಂತ ನನಗೆ ಖುಷಿನೇ."

ಸೊಸೆ ಕೂತಲ್ಲೇ ಕಣ್ಣು ಮುಚ್ಚಿದಳು. ಪೆಟ್ಟಿಗೆಯ ಸ್ವಿಚ್ ಪೆಟ್ಟಿಗೆಯನ್ನಷ್ಟೇ ಆರಿಸುತ್ತದೆ. ಮೆಷಿನ್ ಓಡುತ್ತಲೇ ಇರುತ್ತದೆ. ಬಿಸಿಲು ಬರುವ ಮೊದಲು ಬ್ಯಾಟರಿಯಿಂದ ಮೆಷಿನ್ ಎಷ್ಟು ಎಳೆಯುತ್ತಿತ್ತೋ ಅಷ್ಟನ್ನೂ ಕೋಡು ಸೊನ್ನೆ ಎಂದು ನಂಬಿತು. ಅಲ್ಲಿಂದ ಮುಂದೆ ಹೋಗುವುದು ಅದಕ್ಕೆ ಕಾಣಲಿಲ್ಲ, ಬರುವುದು ಇದ್ದದ್ದಕ್ಕಿಂತ ಹೆಚ್ಚು ಕಂಡಿತು. ಮೋಡದ ದಿನಗಳಲ್ಲಿ ಬ್ಯಾಟರಿ ಬರಿದಾಗುತ್ತ ಹೋದರೂ ಲೆಕ್ಕದಲ್ಲಿ ಅದು ತುಂಬಿಯೇ ಇತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದ್ದು ಸೊಸೆ, ಉಣ್ಣಬೇಕಾದದ್ದು ಅತ್ತೆ. ಅದನ್ನು ನೆನೆದೇ ಅವಳ ಕಣ್ಣಲ್ಲಿ ನೀರು ಬಂತು.

ಅಳಲು ಪುರುಸೊತ್ತಿರಲಿಲ್ಲ. ನಾಲ್ಕೂ ಸಾಲು ಅಳಿಸಿದಳು. ಸ್ವಿಚ್ ಎಷ್ಟು ಸಲ ಆರಿ ಹತ್ತಿದರೂ ಕೋಡು ತಾನಾಗಿ ಸೊನ್ನೆ ಹಿಡಿಯಬಾರದು. ಅವಳು ಹೇಳಿದಾಗ ಮಾತ್ರ ಹಿಡಿದು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇನ್ವರ್ಟರ್ ಸತ್ತ ಗಳಿಗೆಯಲ್ಲಿ ಬ್ಯಾಟರಿ ಖಾಲಿಯಿತ್ತು ಎಂಬುದಂತೂ ಖಚಿತ. ಅಲ್ಲಿಂದ ಈಚೆಗೆ ಸೆನ್ಸರ್ ಹೇಳಿದ್ದೆಲ್ಲ ಪೆಟ್ಟಿಗೆಯ ನೆನಪಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿತ್ತು. ನಿಜವಾದ ಸೊನ್ನೆ ಯಾವುದೆಂದು ತಿಳಿದರೆ ಅದನ್ನೆಲ್ಲ ತಿದ್ದಬಹುದು. ಅದೊಂದು ತಿಳಿಯಬೇಕಾದರೆ ವೈರಿನಲ್ಲಿ ಚೂರೂ ಕರೆಂಟ್ ಇರಬಾರದು. ಪ್ಯಾನೆಲ್ ಆರಿಸಬೇಕು. ಮೆಷಿನ್ನೂ ಆರಿಸಬೇಕು.

ಅವಳು ಎದ್ದು ಸಿಲಿಂಡರಿಗೆ ಕೈ ಹಾಕಿದಳು.

"ಅದು ರಾತ್ರಿಗಿರಲಿ," ಎಂದರು ಅತ್ತೆ. "ಯಾಕೆ ಆರಿಸಬೇಕು, ಅದನ್ನ ಹೇಳು."

"ನಿಮ್ಮ ತಕ್ಕಡಿ ಹಾಗೆ ಅತ್ತೆ. ತಟ್ಟೇಲಿ ಸಾಮಾನು ಇಟ್ಕೊಂಡೇ ಮುಳ್ಳನ್ನ ಸಮ ಮಾಡಿಬಿಟ್ಟಿದೆ ಇದು. ಈಗ ತಟ್ಟೆ ಖಾಲಿ ಮಾಡಿ ನೋಡಬೇಕು."

"ಮಾರ್ಕೆಟಲ್ಲಿ ಹಾಗೆ ಮಾಡಿದ್ರೆ ತಕ್ಕಡಿ ಸಮೇತ ಎತ್ತಿ ಬಿಸಾಕ್ತಿದ್ರು," ಎಂದು ಅತ್ತೆ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತಮೇಲೆ ದಿಂಬು ಸರಿಮಾಡಿಕೊಂಡು ಕೂತರು. "ಆರಿಸು. ಅಲ್ಲಾಡದೆ ಕೂತರೆ ಸ್ವಲ್ಪ ಹೊತ್ತು ತಡ್ಕೋತೀನಿ."

"ಬೇಡ ಅತ್ತೆ, ಸಿಲಿಂಡರ್ ಹಾಕ್ತೀನಿ."

"ರಾತ್ರಿ ಏನಾದ್ರೂ ಆದ್ರೆ ಆಗ ಏನು ಹಾಕ್ತೀಯ? ಆರಿಸು ಅಂದೆ ತಾನೇ?"

ಕಾಲ ಯಾರದೇ ಆಗಿರಲಿ, ಆ ದನಿಗೆ ಎದುರಾಡುವುದು ಸಾಧ್ಯವಿರಲಿಲ್ಲ. ಸೊಸೆ ಅತ್ತೆಯ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಿದಳು. ಸೊನ್ನೆ ಹಿಡಿಯುವ ಮೊದಲು ಸೆನ್ಸರ್ ತಣಿಯಲಿ ಎಂದು ಕೋಡಿನಲ್ಲಿ ಉದಾರವಾಗಿ ಕಾಯುವ ಹೊತ್ತು ಬರೆದಿದ್ದಳು. ವರ್ಕ್‌ಶಾಪಿನಲ್ಲಿ ಪೆಟ್ಟಿಗೆಗಳಿಗೆ ಮೊದಲ ಸೊನ್ನೆ ಹಿಡಿಸುವಾಗ ಆ ಹೊತ್ತಿನಲ್ಲಿ ಟೀ ಕುಡಿಯುತ್ತಿದ್ದರು. ಅದನ್ನು ಕಾಲುಭಾಗಕ್ಕೆ ಇಳಿಸಿದಳು. ಇನ್ನೂ ಇಳಿಸಿದರೆ ಸೊನ್ನೆ ಸುಳ್ಳಾಗುತ್ತದೆ. ಒಂದು ಕೈಯನ್ನು ಸಿಲಿಂಡರಿನ ಕೀಲಿಯ ಮೇಲಿಟ್ಟು, ಇನ್ನೊಂದರಿಂದ ಪ್ಯಾನೆಲ್ ಸ್ವಿಚ್ ಇಳಿಸಿದಳು. ಆಮೇಲೆ ಇನ್ವರ್ಟರ್.

ಸದ್ದು ನಿಂತಿತು. ದೂರದ ಕ್ವಾರಿಯ ಟಕಟಕ ಮನೆಯೊಳಗೆ ಕೇಳಿಸಿತು. ಅತ್ತೆ ಕಣ್ಣು ಮುಚ್ಚಿ, ತುಟಿ ಚೂಪು ಮಾಡಿ ಸಣ್ಣಗೆ ಉಸಿರು ಬಿಡುತ್ತಿದ್ದರು. ತೆರೆಯ ಮೇಲೆ ಅಂಕಿಗಳು ತೂಗಾಡುತ್ತಿದ್ದವು, ನಿಲ್ಲಲೊಲ್ಲವು. ಬೆರಳಿನ ಕ್ಲಿಪ್ಪಿನ ಅಂಕಿ ಇಳಿಯುತ್ತಿತ್ತು. ತೊಂಬತ್ತು ದಾಟಿ ಕೆಳಗೆ ಬಂತು, ಎಂಬತ್ತೇಳು, ಎಂಬತ್ತೈದು. ಸಾಕು, ಆನ್ ಮಾಡು, ಹಾಳಾಗಿ ಹೋಗಲಿ ಈ ಸೊನ್ನೆ ಎಂದು ಅವಳ ಜೀವವೆಲ್ಲ ಕೂಗುತ್ತಿತ್ತು. ಅತ್ತೆ ಕಣ್ಣು ತೆರೆಯದೆ ಒಂದು ಬೆರಳೆತ್ತಿದರು: ಇರು. ಎಂಬತ್ಮೂರು. ಕೀಲಿಯ ಮೇಲಿನ ಅವಳ ಕೈ ತಿರುಗಲು ಶುರುವಾಗಿತ್ತು. ತೆರೆಯ ಮೇಲೆ ಅಂಕಿ ನಿಂತಿತು. ಗುಂಡಿ ಒತ್ತಿ, ಇನ್ವರ್ಟರ್ ಎತ್ತಿ, ಪ್ಯಾನೆಲ್ ಎತ್ತಿ, ಮಂಚದ ಬಳಿಗೆ ಬಿದ್ದಳು.

ಗುರ್. ಉಸ್.

ಅತ್ತೆಯ ತುಟಿಗೆ ಬಣ್ಣ ಬರುವವರೆಗೆ ಅವರ ಎರಡೂ ಪಾದಗಳನ್ನು ಹಿಡಿದುಕೊಂಡು ಕೂತಿದ್ದಳು. ಮಾತು ಬಂದ ಕೂಡಲೇ ಅತ್ತೆ ಕೇಳಿದ್ದು, "ತಟ್ಟೆ ಸಮ ನಿಂತಿತಾ?"

"ನಿಂತಿತು ಅತ್ತೆ."

ಮೀಟರ್ ಸುಳ್ಳು ಅಂಕಿಯನ್ನು ಬಿಟ್ಟು ಹದಿನೇಳಕ್ಕೆ ಬಂದು ಕೂತಿತು. ನಿಜದ ಮುಖ ಸುಂದರವಾಗಿರಲಿಲ್ಲ. ಸೊಸೆ ಫ್ಯಾನ್ ಆರಿಸಿದಳು, ಫ್ರಿಜ್ ಕಿತ್ತಳು, ನೀರಿನ ಪಂಪಿನ ಫ್ಯೂಸನ್ನೇ ತೆಗೆದು ಕಿಸೆಗೆ ಹಾಕಿಕೊಂಡಳು. ಮೆಷಿನ್ ರಾತ್ರಿ ಎಷ್ಟು ಎಳೆಯುತ್ತದೆ ಎಂದು ಈಗ ಅವಳಿಗೆ ಗೊತ್ತಿತ್ತು. ಬೆಳಗಿನವರೆಗೆ ಬರಬೇಕಾದರೆ ಐವತ್ತು ಬೇಕು. ಮೋಡದ ಬೆಳಗಾದರೂ ಇರಲೆಂದು ಅರವತ್ತು ಎಂದು ನಿಶ್ಚಯಿಸಿದಳು. ಆಮೇಲೆ ಮಾಡುವ ಕೆಲಸವೇನೂ ಇರಲಿಲ್ಲ. ಬಾಗಿಲಿಗೂ ಪೆಟ್ಟಿಗೆಗೂ ನಡುವೆ ಅಡ್ಡಾಡುತ್ತ, ಒಂದು ತುಣುಕು ಮೋಡ ಕಂಡರೂ ಅದನ್ನು ಬಾಯಿಗೆ ಬಂದಂತೆ ಬೈಯುತ್ತ ಮಧ್ಯಾಹ್ನ ಕಳೆದಳು. ಮಣ್ಣಿಗೆ ಬಿದ್ದಿದ್ದ ಹೊದಿಕೆಯ ನೆನಪೇ ಆಗಲಿಲ್ಲ.

ವ್ಯಾನಿನ ಹಾರ್ನ್ ಕೇಳಿಸಿದಾಗ ಮೀಟರ್ ಅರವತ್ತೆರಡು ತೋರಿಸುತ್ತಿತ್ತು. ಗಂಡ ಮೊದಲೇ ಫೋನಿನಲ್ಲಿ ಹೇಳಿಟ್ಟಿದ್ದ. ಡ್ರೈವರ್ ಇಳಿದು ಬಂದು, "ಏನಮ್ಮ, ಅಜ್ಜೀನ ಎತ್ಕೊಳ್ಳೋಣ್ವಾ?" ಎಂದ. ಬೆಳಿಗ್ಗೆ ಇದೇ ಪೆಟ್ಟಿಗೆಯ ಎಂಬತ್ತಾರನ್ನು ನಂಬಿದ್ದಳು. ಈಗ ಅರವತ್ತೆರಡನ್ನು ನಂಬು ಎಂದು ಅದೇ ಪೆಟ್ಟಿಗೆ ಹೇಳುತ್ತಿತ್ತು. ಮಂಚದ ಕಡೆ ನೋಡಿದಳು. ಅತ್ತೆ ಚಪ್ಪಲಿ ಹಾಕಿಕೊಂಡು, ಕೂದಲು ಬಾಚಿಕೊಂಡು ತಯಾರಾಗಿ ಕೂತಿದ್ದರು. ಒಂದು ಮಾತೂ ಆಡಲಿಲ್ಲ.

"ಬೇಡಣ್ಣ. ರಾತ್ರಿ ಮಾತ್ರ ಫೋನ್ ಹತ್ತಿರ ಇಟ್ಕೊಂಡಿರಿ," ಎಂದಳು ಸೊಸೆ.

ಆ ರಾತ್ರಿಯನ್ನು ಬಿಡಿಸಿ ಹೇಳುವುದಿಲ್ಲ; ಕಾದವರಿಗೆ ಗೊತ್ತಿರುತ್ತದೆ. ಬೆಳಿಗ್ಗೆ ಬಿಸಿಲು ಮಾಡಿಗೆ ತಾಗಿದಾಗ ಮೀಟರಿನಲ್ಲಿ ಹದಿನಾಲ್ಕು ಉಳಿದಿತ್ತು, ಮತ್ತು ಅದು ನಿಜವಾದ ಹದಿನಾಲ್ಕು. ಗಂಡ ಬಂದವನೇ ತುಂಬಿದ ಸಿಲಿಂಡರ್ ಇಳಿಸಿ, ತಾಯಿಯ ಪಕ್ಕ ಕೂತು ಒಂದಿಷ್ಟು ಗದರಿ, ಒಂದಿಷ್ಟು ಅತ್ತು, ಮಾರನೆಯ ದಿನ ಹೊರಟುಹೋದ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ಸೊಸೆ. ಆದರೆ ವಾರ ಕಳೆದರೂ ಅವಳ ಎದೆಯ ಭಾರ ಇಳಿಯಲಿಲ್ಲ. ಕಾರಣ ಒಂದು ಸಂಜೆ ಕೆಲಸದಿಂದ ಬಂದಾಗ ಕಣ್ಣಿಗೆ ಬಿತ್ತು. ಮೀಟರ್ ಪೆಟ್ಟಿಗೆಯ ಮೇಲೆ ಧೂಳು ಕೂತಿತ್ತು. ಹಸಿರು ಅಂಕಿ ಮಸುಕಾಗಿತ್ತು.

"ಒರೆಸಿಲ್ವಾ ಅತ್ತೆ?"

"ನನಗ್ಯಾಕಮ್ಮ ಬೇಕು? ನಾನು ಒರೆಸಿದ್ದಕ್ಕೇ ತಾನೇ ಹಾಗಾಗಿದ್ದು?" ಅತ್ತೆಯ ದನಿ ಸಣ್ಣಗಿತ್ತು. "ಇರೋ ಒಂದು ಕೆಲಸಾನೂ ನೆಟ್ಟಗೆ ಮಾಡೋಕೆ ಬರಲಿಲ್ಲ ನನಗೆ."

"ನೀವು ನಾನು ಹೇಳಿದ ಹಾಗೇ ಮಾಡಿದ್ರಿ. ನಾನು ಬರೆದದ್ದು ತಪ್ಪು."

"ಹೌದೌದು, ಸಮಾಧಾನಕ್ಕೆ ಹಾಗೇ ಹೇಳಬೇಕು."

ಮಾತಿನಲ್ಲಿ ಅತ್ತೆಯನ್ನು ಗೆದ್ದವರು ಮಾರ್ಕೆಟಿನಲ್ಲೇ ಇರಲಿಲ್ಲ. ಸೊಸೆ ಒಳಗೆ ಹೋಗಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ ತಂದು ಅತ್ತೆಯ ಕೈಗೆ ಕೊಟ್ಟಳು.

"ಒರೆಸಿ."

"ಹುಚ್ಚಾ ನಿನಗೆ? ಗುರ್ರಣ್ಣ ಓಡ್ತಿದಾನೆ."

"ಓಡ್ಲಿ. ಸ್ವಿಚ್ ಆರಿಸಿ ಒರೆಸಿ."

ಅತ್ತೆ ಪೈಪನ್ನು ಸರಿಸಿಕೊಂಡು ನಿಧಾನಕ್ಕೆ ಎದ್ದರು. ಸೊಸೆ ತೋಳು ಹಿಡಿಯಲಿಲ್ಲ, ಹಿಡಿಯುವಷ್ಟು ಹತ್ತಿರ ನಡೆದಳು. ಅತ್ತೆ ಸ್ವಿಚ್ ಆರಿಸಿದರು. ಅಂಕಿಗಳು ಹೋದವು. ಮೇಲೆ, ಬದಿಗೆ, ವೈರಿನ ಸಂದಿಗೆ, ಅತ್ತೆ ಉಸಿರಿಗೊಮ್ಮೆ ನಿಲ್ಲುತ್ತ ಒರೆಸಿದರು. ಕೋಡನ್ನು ಎಷ್ಟೋ ಸಲ ಪರೀಕ್ಷಿಸಿದ್ದರೂ ಸೊಸೆಯ ಕಣ್ಣು ತೆರೆಯ ಮೇಲೇ ಇತ್ತು. ಈಗ ಸೊನ್ನೆ ಬಂದರೆ ಈ ಮುದುಕಿ ಇನ್ನೆಂದೂ ಬಟ್ಟೆ ಹಿಡಿಯುವುದಿಲ್ಲ. ಅತ್ತೆ ಸ್ವಿಚ್ ಹಾಕಿದರು.

ತೆರೆ ಕಪ್ಪಾಗಿಯೇ ಇತ್ತು. ಆಮೇಲೆ ಹಸಿರಾಯಿತು. ಹೋಗುತ್ತಿರುವುದು: ಹದಿನಾಲ್ಕು ಆಂಪ್ಸ್. ಆರಿಸುವ ಮೊದಲು ಎಷ್ಟಿತ್ತೋ ಅಷ್ಟೇ, ಗುರ್ರಣ್ಣ ತಿನ್ನುವುದು ಎಷ್ಟೋ ಅಷ್ಟೇ.

ಅತ್ತೆ ಬಹಳ ಹೊತ್ತು ಅಂಕಿಯನ್ನು ನೋಡಿದರು. ಬಟ್ಟೆಯನ್ನು ಮಡಚಿ ಸೊಸೆಯ ಭುಜದ ಮೇಲೆ ಹಾಕಿದರು.

"ನಾಳೆ ಬಟ್ಟೇನ ಇನ್ನೂ ಚೆನ್ನಾಗಿ ಹಿಂಡಿ ಇಟ್ಟು ಹೋಗು," ಎಂದರು. "ನೋಡು, ಪೆಟ್ಟಿಗೆ ಮೂಲೇಲಿ ಎಷ್ಟು ನೀರು ನಿಂತಿದೆ."